ಬೇಗ ಮಲಗಿದರೆ ಬೇಗ ನಿದ್ದೆ ಬಂದೀತೆ?

ನಿದ್ದೆ ಬರುವುದಿಲ್ಲ ಎಂದು ಯಾರ ಮುಂದಾದರೂ ಬಾಯಿಬಿಟ್ಟು ನೋಡಿ, ಸಲಹೆಗಳಿಗೆ ಬರವಿಲ್ಲ. ಬಿಸಿ ಹಾಲು ಕುಡಿ, ಅಂಗಾಲಿಗೆ ಹರಳೆಣ್ಣೆ ತಿಕ್ಕು, ಜಾಯಿಕಾಯಿ ತೇದು ನೆಕ್ಕು, ನೂರರಿಂದ ಹಿಂದಕ್ಕೆ ಎಣಿಸು, ಉತ್ತರಕ್ಕೆ ತಲೆ ಹಾಕಬೇಡ, ಚಿಂತೆ ಬಿಡು. ಈಚೆಗೆ ಇವುಗಳ ಜೊತೆ ಎರಡು ನಿಮಿಷದಲ್ಲಿ ನಿದ್ದೆ ಬರಿಸುವ ವಿಡಿಯೊಗಳು, ಅಮೆರಿಕದಿಂದ ಮಗ ತಂದುಕೊಟ್ಟ ಮೆಲಟೋನಿನ್ ಡಬ್ಬಿ, ಕೈಗೆ ಕಟ್ಟಿದ ವಾಚು ಬೆಳಗ್ಗೆ ಕೊಡುವ ಅಂಕಪಟ್ಟಿ ಸೇರಿಕೊಂಡಿವೆ. ಇವುಗಳಲ್ಲಿ ಹಲವು ನಿರುಪದ್ರವಿ. ಒಂದೆರಡು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಇನ್ನು ಕೆಲವು ಇರುವ ನಿದ್ದೆಯನ್ನೂ ಹಾಳುಮಾಡುತ್ತವೆ. ಹಾಳುಮಾಡುವಂಥವನ್ನೇ ಜನ ಹೆಚ್ಚು ನಂಬಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

“ನಿನ್ನೆ ಸರಿಯಾಗಿ ನಿದ್ದೆಯಾಗಿಲ್ಲ, ಇವತ್ತು ಒಂಬತ್ತಕ್ಕೇ ಮಲಗಿಬಿಡುತ್ತೇನೆ”

ಕೇಳುವುದಕ್ಕೆ ಸರಿಯಾದ ಲೆಕ್ಕವೇ. ಆದರೆ ನಿದ್ದೆಗೆಟ್ಟವರು ಮಾಡಿಕೊಳ್ಳುವ ಅತಿ ದೊಡ್ಡ ಎಡವಟ್ಟು ಇದು.

ಜ್ಯೂರಿಕ್‌ನ ವಿಜ್ಞಾನಿ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಕೊಟ್ಟ ವಿವರಣೆಯೊಂದು ಇವತ್ತಿಗೂ ನಿದ್ರಾವಿಜ್ಞಾನದ ತಳಪಾಯ. ನಿದ್ದೆ ಹತ್ತಬೇಕಾದರೆ ಎರಡು ಸಂಗತಿ ಕೂಡಿಬರಬೇಕು. ಬೆಳಗ್ಗೆ ಎದ್ದ ಗಳಿಗೆಯಿಂದ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತ ಹೋಗುತ್ತದೆ. ಅದು ಸಾಕಷ್ಟು ಏರಿರಬೇಕು. ಜೊತೆಗೆ ಮಿದುಳಿನೊಳಗಿನ ಗಡಿಯಾರವೂ ರಾತ್ರಿಯಾಯಿತೆಂದು ಒಪ್ಪಿರಬೇಕು. ಈ ಗಡಿಯಾರಕ್ಕೊಂದು ವಿಚಿತ್ರ ಗುಣವಿದೆ. ನಾವು ಮಾಮೂಲಾಗಿ ಮಲಗುವ ಹೊತ್ತಿಗೆ ಮುಂಚಿನ ಎರಡು ಮೂರು ತಾಸು ಅದು ಎಚ್ಚರವನ್ನು ಸಡಿಲಿಸುವ ಬದಲು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಇಸ್ರೇಲಿನ ಪೆರೆಟ್ಸ್ ಲವೀ ಎಂಬ ಸಂಶೋಧಕ ಸ್ವಯಂಸೇವಕರಿಗೆ ಹದಿಮೂರು ನಿಮಿಷ ಎಚ್ಚರ, ಏಳು ನಿಮಿಷ ಹಾಸಿಗೆ ಎಂಬ ಲೆಕ್ಕದಲ್ಲಿ ಹಗಲು ರಾತ್ರಿ ಅವಕಾಶ ಕೊಟ್ಟು ನೋಡಿದರು. ಹಿಂದಿನ ರಾತ್ರಿಯಿಡೀ ನಿದ್ದೆಗೆಟ್ಟಿದ್ದವರಿಗೂ ಸಂಜೆಯ ಆ ಅವಧಿಯಲ್ಲಿ ಕಣ್ಣು ಹತ್ತುವುದು ಕಷ್ಟವಾಗಿತ್ತು. 1986ರ ತಮ್ಮ ಬರಹದಲ್ಲಿ ಲವೀ ಅದನ್ನು ನಿದ್ದೆಯ ‘ನಿಷಿದ್ಧ ವಲಯ’ ಎಂದೇ ಕರೆದರು.

ಈಗ ಐವತ್ತರ ಆಸುಪಾಸಿನ ಒಬ್ಬ ಮೇಷ್ಟ್ರನ್ನು ಊಹಿಸಿಕೊಳ್ಳಿ. ಹನ್ನೊಂದಕ್ಕೆ ಮಲಗಿ ಐದೂವರೆಗೆ ಏಳುವುದು ಅವರ ರೂಢಿ. ಮಗಳ ಮದುವೆಯ ಓಡಾಟದಲ್ಲಿ ಒಂದು ವಾರ ನಿದ್ದೆ ಕೆಟ್ಟಿತು. ಮದುವೆ ಮುಗಿದ ಮೇಲೆ ಎಲ್ಲ ಸರಿಮಾಡಿಕೊಳ್ಳೋಣವೆಂದು ಒಂಬತ್ತಕ್ಕೇ ದೀಪ ಆರಿಸಿ ಮಲಗಿದರು. ಒಂಬತ್ತೂವರೆಗೆ ಕಿವಿಯೆಲ್ಲ ಫ್ಯಾನಿನ ಕಟಕಟದ ಮೇಲೆ. ಹತ್ತಕ್ಕೆ ಪಕ್ಕದ ಮನೆಯ ಧಾರಾವಾಹಿ ಮುಗಿದದ್ದು ಕೇಳಿಸಿತು. ಹತ್ತೂವರೆಗೆ ಛತ್ರದವರಿಗೆ ಕೊಡಬೇಕಾದ ಬಾಕಿ ನೆನಪಾಯಿತು. ಹನ್ನೊಂದೂಮುಕ್ಕಾಲಿಗೆ ಮೊಬೈಲ್ ಎತ್ತಿ ಗಂಟೆ ನೋಡಿ, ಇನ್ನುಳಿದಿರುವುದು ಐದೂಮುಕ್ಕಾಲು ತಾಸು ಎಂದು ಲೆಕ್ಕ ಹಾಕಿ ಎದೆ ಡವಗುಟ್ಟಿತು. ಹನ್ನೆರಡೂವರೆಗೆ ಹೇಗೋ ಜೊಂಪು ಹತ್ತಿತು. ಹನ್ನೊಂದಕ್ಕೆ ಮಲಗಿದರೆ ಕಾಲು ಗಂಟೆಯೊಳಗೆ ನಿದ್ದೆ ಹೋಗುತ್ತಿದ್ದ ಮನುಷ್ಯ ಈಗ ಮೂರೂವರೆ ತಾಸು ಹೊರಳಾಡಿದ್ದಾರೆ. ಮರುದಿನ ಭಾನುವಾರ; ಎಂಟರವರೆಗೆ ಮಲಗಿದರು, ಊಟದ ಮೇಲೆ ಇನ್ನೊಂದು ತಾಸು. ಅಲ್ಲಿಗೆ ಆ ರಾತ್ರಿಗೆ ಕೂಡಿಹಾಕಬೇಕಿದ್ದ ಒತ್ತಡದಲ್ಲೂ ಒಂದು ಪಾಲು ಖರ್ಚಾಯಿತು. ಹೀಗೆ ಹದಿನೈದು ದಿನ ನಡೆದರೆ ಸಾಕು, ನಿದ್ದೆ ಬರದಿರುವುದೇ ಅವರ ಹೊಸ ರೂಢಿಯಾಗುತ್ತದೆ.

ಇದಕ್ಕೆ ಮದ್ದು ಇದರ ತದ್ವಿರುದ್ಧ. ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ರೂಪಿಸಿದ ಚಿಕಿತ್ಸೆಯಲ್ಲಿ ಹಾಸಿಗೆಯ ಸಮಯವನ್ನು ಮೊಟಕುಗೊಳಿಸುತ್ತಾರೆ. ಒಂಬತ್ತು ತಾಸು ಹಾಸಿಗೆಯಲ್ಲಿದ್ದು ಆರು ತಾಸು ಮಾತ್ರ ನಿದ್ದೆ ಬರುತ್ತಿದ್ದರೆ, ಹಾಸಿಗೆಗೂ ಆರೇ ತಾಸು. ಏಳುವ ಹೊತ್ತು ಭಾನುವಾರವೂ ಬದಲಾಗುವಂತಿಲ್ಲ. ಮಲಗುವ ಹೊತ್ತನ್ನೇ ಮುಂದಕ್ಕೆ ತಳ್ಳಬೇಕು. ಐದೂವರೆಗೆ ಏಳುವವರು ಹನ್ನೊಂದೂವರೆಗೆ ಮುಂಚೆ ದಿಂಬು ಮುಟ್ಟಬಾರದು. ಮಲಗಿದ ಸಮಯದ ಹೆಚ್ಚಿನ ಪಾಲು ನಿದ್ದೆಯಲ್ಲೇ ಕಳೆಯತೊಡಗಿದ ಮೇಲೆ ಕಾಲು ಕಾಲು ಗಂಟೆ ಸೇರಿಸುತ್ತ ಬರುತ್ತಾರೆ. ಮೊದಲ ವಾರ ತೂಕಡಿಕೆ ಕಾಡುತ್ತದೆ. ಹಾಗಾಗಿ ರಾತ್ರಿ ಬಸ್ಸು ಲಾರಿ ಓಡಿಸುವವರು, ಮೂರ್ಛೆರೋಗ ಅಥವಾ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮಾಡಕೂಡದು. ಯಾರೇ ಆದರೂ ಐದು ತಾಸಿಗಿಂತ ಕೆಳಗಿಳಿಸಬಾರದು.

“ನಿದ್ದೆ ಬರದಿದ್ದರೂ ಕಣ್ಣು ಮುಚ್ಚಿ ಬಿದ್ದುಕೊಂಡಿರು, ತಾನಾಗಿ ಬರುತ್ತದೆ”

ಒಂದು ದಿನದ ಮಟ್ಟಿಗೆ ಪರವಾಗಿಲ್ಲ. ವಾರಗಟ್ಟಲೆ ಹಾಗೇ ಮಾಡಿದರೆ ಮಿದುಳು ಹಾಸಿಗೆಯನ್ನು ಎಚ್ಚರದ ಜಾಗವೆಂದು ಕಲಿತುಬಿಡುತ್ತದೆ. ಸೋಫಾದ ಮೇಲೆ ಟಿವಿ ನೋಡುತ್ತ ತೂಕಡಿಸುವವರು ಎದ್ದು ಹೋಗಿ ಹಾಸಿಗೆಯ ಮೇಲೆ ಮಲಗಿದೊಡನೆ ಕಣ್ಣು ಬಿಟ್ಟುಕೊಂಡು ಛಾವಣಿ ನೋಡುವುದು ಇದೇ ಕಾರಣಕ್ಕೆ. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿಕೊಟ್ಟ ಉಪಾಯ ಇವತ್ತಿಗೂ ಚಿಕಿತ್ಸೆಯ ಮುಖ್ಯ ಭಾಗವಾಗಿ ಉಳಿದಿದೆ: ಕಣ್ಣು ಎಳೆಯತೊಡಗಿದಾಗ ಮಾತ್ರ ಹಾಸಿಗೆಗೆ ಹೋಗಿ, ಅಂದಾಜು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಹೊರಗೆ ಬನ್ನಿ, ಮಂದ ಬೆಳಕಿನಲ್ಲಿ ಬೇಸರದ ಕೆಲಸವೇನಾದರೂ ಮಾಡಿ, ಮತ್ತೆ ಕಣ್ಣು ಎಳೆದಾಗ ಮರಳಿ. ಸೊಪ್ಪು ಬಿಡಿಸಬಹುದು, ಬಟ್ಟೆ ಮಡಿಸಬಹುದು, ಹಳೆಯ ವಾರಪತ್ರಿಕೆ ತಿರುವಬಹುದು. ಆ ಇಪ್ಪತ್ತು ನಿಮಿಷವನ್ನು ಗಡಿಯಾರ ನೋಡಿ ಅಳೆಯುವುದು ಬೇಡ. ನಿಜ ಹೇಳಬೇಕೆಂದರೆ ಮಲಗುವ ಕೋಣೆಯಲ್ಲಿ ಗಡಿಯಾರ ಕಾಣಿಸದಿರುವುದೇ ವಾಸಿ. ಅಲಾರಂ ಇಟ್ಟ ಮೊಬೈಲು ಹಜಾರದಲ್ಲಿರಲಿ.

ಹಾಸಿಗೆ ಬಿಟ್ಟು ಏಳಲಾಗದವರಿಗೆ, ಮಂಡಿನೋವಿನವರಿಗೆ, ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವವರಿಗೆ ಇನ್ನೊಂದು ದಾರಿಯಿದೆ. ಕತ್ತಲಲ್ಲಿ ಕಣ್ಣು ತೆರೆದುಕೊಂಡೇ ಇರಿ. ಇನ್ನು ಸ್ವಲ್ಪ ಹೊತ್ತು ಎಚ್ಚರವಾಗಿರುತ್ತೇನೆ ಎಂದು ತಮಗೆ ತಾವೇ ಹೇಳಿಕೊಳ್ಳಿ. ಹುಡುಗಾಟವೆನಿಸಬಹುದು. ಆದರೆ ವಿಕ್ಟರ್ ಫ್ರಾಂಕಲ್ ಎಂಬ ಮನೋವೈದ್ಯರು ಶುರುಮಾಡಿದ ಈ ಉಲ್ಟಾ ವಿಧಾನ ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಸ್ಥಾನ ಪಡೆದಿದೆ. ನಿದ್ದೆ ಮಾಡಲೇಬೇಕೆಂಬ ಹಟವೇ ಎಚ್ಚರವಾಗಿಡುತ್ತದೆ. ಹಟ ಬಿಟ್ಟರೆ ಎದೆಬಡಿತ ಇಳಿಯುತ್ತದೆ.

“ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ”

ಗಾದೆಯಲ್ಲಿ ಅರ್ಧ ನಿಜವಿದೆ. ಸಾಲ, ಸಾವು, ಮಕ್ಕಳ ಪರೀಕ್ಷೆ, ಕೆಲಸ ಹೋಗುವ ಭಯ ಇವೆಲ್ಲ ನಿದ್ದೆ ಕೆಡಿಸುತ್ತವೆ. ಸ್ಪೀಲ್‌ಮನ್ ಗಮನಿಸಿದ್ದು ಅದರ ಮುಂದಿನ ಭಾಗವನ್ನು. ಕೆಲವರಿಗೆ ಹುಟ್ಟಿನಿಂದಲೇ ಹಗುರ ನಿದ್ದೆ. ಅದರ ಮೇಲೊಂದು ಕಷ್ಟ ಬಂದು ನಿದ್ದೆ ಕೆಡುತ್ತದೆ. ಕಷ್ಟ ಕಳೆದ ಮೇಲೂ ನಿದ್ದೆ ಮರಳದಂತೆ ನೋಡಿಕೊಳ್ಳುವುದು ಅಷ್ಟರಲ್ಲಿ ಅಂಟಿಸಿಕೊಂಡ ಅಭ್ಯಾಸಗಳು. ಮೇಲಿನ ಮೇಷ್ಟ್ರ ಮಗಳು ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ಛತ್ರದ ಬಾಕಿಯೂ ತೀರಿದೆ. ಅಪ್ಪನಿಗೆ ಇನ್ನೂ ನಿದ್ದೆಯಿಲ್ಲ. ಅವರನ್ನು ಕೂರಿಸಿಕೊಂಡು “ಏನು ಚಿಂತೆ ನಿಮಗೆ?” ಎಂದು ಕೆದಕುವುದರಿಂದ ಲಾಭವಿಲ್ಲ. ಒಂಬತ್ತರ ಹಾಸಿಗೆಯನ್ನೂ ಮಧ್ಯಾಹ್ನದ ತಾಸನ್ನೂ ಬಿಡಿಸಬೇಕು.

ಚಿಂತೆ ನಿಜಕ್ಕೂ ಇದ್ದರೆ ಅದನ್ನು ಕಾಗದಕ್ಕಿಳಿಸುವುದು ಒಳ್ಳೆಯದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 57 ಯುವಜನರು ಮಲಗುವ ಮುಂಚೆ ಐದು ನಿಮಿಷ ಬರೆದರು. ಅರ್ಧ ಜನ ಹಿಂದಿನ ಕೆಲವು ದಿನಗಳಲ್ಲಿ ಮಾಡಿ ಮುಗಿಸಿದ್ದನ್ನು, ಉಳಿದರ್ಧ ಮುಂದೆ ಮಾಡಬೇಕಾದ ಕೆಲಸಗಳನ್ನು. ಬಾಕಿ ಕೆಲಸಗಳ ಪಟ್ಟಿ ಬರೆದವರಿಗೇ ಬೇಗ ನಿದ್ದೆ ಹತ್ತಿತು; ಪಟ್ಟಿ ಎಷ್ಟು ವಿವರವಾಗಿತ್ತೋ ಅಷ್ಟು ಬೇಗ. ಚಿಕ್ಕ ಪ್ರಯೋಗ, ನಿಜ. ಖರ್ಚು ಒಂದು ಪೆನ್ನಿನದು ಮಾತ್ರವಾದ್ದರಿಂದ ಮಾಡಿನೋಡಲು ಅಡ್ಡಿಯಿಲ್ಲ.

“ದಿಂಬಿಗೆ ತಲೆ ಕೊಟ್ಟ ಕೂಡಲೇ ನಿದ್ದೆ ಬಂದರೆ ಆರೋಗ್ಯವಂತ”

ಹತ್ತರಿಂದ ಇಪ್ಪತ್ತು ನಿಮಿಷ ತೆಗೆದುಕೊಂಡರೆ ಸಹಜ. ದಿನಾ ಬಿದ್ದ ಕೂಡಲೇ ನಿದ್ದೆ ಹೋಗುವವರು ಬಹುಮಟ್ಟಿಗೆ ನಿದ್ದೆಯ ಸಾಲದಲ್ಲಿದ್ದಾರೆ. ಅಂಥವರನ್ನು ನೋಡಿ ಹೊಟ್ಟೆಕಿಚ್ಚುಪಡುವ ಅಗತ್ಯವಿಲ್ಲ.

“ಎಂಟು ತಾಸು ಆಗಲೇಬೇಕು, ಹಿಂದಿನವರು ಸೂರ್ಯ ಮುಳುಗಿದರೆ ಮಲಗುತ್ತಿದ್ದರು”

ಎರಡೂ ಪೂರ್ತಿ ನಿಜವಲ್ಲ. ಅಮೆರಿಕದ ನಿದ್ರಾವೈದ್ಯರ ಸಂಘಗಳು 2015ರಲ್ಲಿ ವಯಸ್ಕರಿಗೆ ಏಳು ತಾಸು ಅಥವಾ ಹೆಚ್ಚು ಎಂದು ಹೇಳಿದವು. ಎಂಟೆಂಬ ಗೆರೆಯನ್ನೇನೂ ಎಳೆದಿಲ್ಲ. ಅದೇ ವರ್ಷ ತಾಂಜಾನಿಯಾದ ಹಾಡ್ಜಾ, ನಮೀಬಿಯಾದ ಸ್ಯಾನ್, ಬೊಲಿವಿಯಾದ ತ್ಸಿಮಾನೆ ಜನರ ನಿದ್ದೆಯನ್ನು ಅಳೆದ ಅಧ್ಯಯನವೊಂದು ಪ್ರಕಟವಾಯಿತು. ವಿದ್ಯುತ್ ದೀಪವಿಲ್ಲದ ಆ ಜನ ಸೂರ್ಯ ಮುಳುಗಿ ಸರಾಸರಿ ಮೂರು ತಾಸಿಗೂ ಹೆಚ್ಚು ಹೊತ್ತಾದ ಮೇಲೆ ಮಲಗುತ್ತಿದ್ದರು. ನಿದ್ದೆ 5.7ರಿಂದ 7.1 ತಾಸು. ಅವರ ನಿದ್ದೆ ಕತ್ತಲಿಗಿಂತ ಹೆಚ್ಚಾಗಿ ತಂಪನ್ನು ಹಿಂಬಾಲಿಸುತ್ತಿತ್ತು: ಗಾಳಿಯ ಉಷ್ಣತೆ ಇಳಿಯತೊಡಗಿದ ಮೇಲೆ ಮಲಗಿ, ಅದು ಅತಿ ಕೆಳಕ್ಕೆ ಹೋದ ಹೊತ್ತಿಗೆ ಏಳುತ್ತಿದ್ದರು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನೀರು ಹೊಡೆದು, ತಂಪು ಗಾಳಿ ಬೀಸುವವರೆಗೆ ಹರಟುತ್ತ ಕೂತು, ಆಮೇಲೆ ಚಾಪೆ ಬಿಡಿಸುವವರು ಈ ಅಧ್ಯಯನ ಓದಿರಬೇಕಾಗಿಲ್ಲ.

ಎಂಟರ ಹಟದಿಂದ ಈಗ ಹೊಸದೊಂದು ಕಾಯಿಲೆ ಹುಟ್ಟಿದೆ. ವಾಚು ಕೊಟ್ಟ ಅಂಕ ನೋಡಿ “ಅಯ್ಯೋ, ಗಾಢ ನಿದ್ದೆ ಬರೀ ನಲವತ್ತು ನಿಮಿಷ” ಎಂದು ಗಾಬರಿಯಾಗುವವರಿದ್ದಾರೆ. ಗಾಢ ನಿದ್ದೆಯನ್ನು ಅಳೆಯುವ ಸರಿಯಾದ ವಿಧಾನ ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆಗಳನ್ನು ದಾಖಲಿಸುವುದು. ವಾಚಿಗೆ ತಿಳಿಯುವುದು ಕೈಯ ಅಲುಗಾಟ ಮತ್ತು ನಾಡಿ, ಉಳಿದದ್ದು ಅಂದಾಜು. ಹಗಲು ಉತ್ಸಾಹದಿಂದಿದ್ದೀರಿ, ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಸುತ್ತಿಲ್ಲ ಎಂದಾದರೆ ವಾಚನ್ನು ಗಂಟೆ ನೋಡುವುದಕ್ಕೆ ಬಳಸಿ.

“ಸಂಜೆ ಕಾಫಿ ನನಗೇನೂ ಮಾಡಲ್ಲ, ಕುಡಿದೇ ಮಲಗುತ್ತೇನೆ”

ಎಚ್ಚರವಿದ್ದಷ್ಟೂ ಏರುವ ಒತ್ತಡದ ಮಾತಾಡಿದೆನಲ್ಲ, ಅದರ ಹಿಂದಿರುವ ಮುಖ್ಯ ವಸ್ತು ಅಡೆನೊಸಿನ್. ಮಿದುಳಿನ ಕೋಶಗಳು ದುಡಿದಂತೆ ಇದು ಶೇಖರವಾಗಿ, ತನ್ನ ಗ್ರಾಹಕಗಳ ಮೇಲೆ ಕೂತು ‘ಸಾಕು’ ಎನ್ನುತ್ತದೆ. ಕೆಫೀನ್ ಅದಕ್ಕಿಂತ ಮೊದಲೇ ಬಂದು, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರ ಹಾಗೆ, ಆ ಜಾಗವನ್ನು ಆಕ್ರಮಿಸಿಬಿಡುತ್ತದೆ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ. ಅದರ ಮಾತು ಮಿದುಳಿಗೆ ಕೇಳಿಸುವುದಿಲ್ಲ ಅಷ್ಟೆ.

ಕುಡಿದ ಕೆಫೀನಿನಲ್ಲಿ ಅರ್ಧ ದೇಹದಿಂದ ಹೊರಬೀಳಲು ಸುಮಾರು ಐದು ತಾಸು ಬೇಕು. ಸಂಜೆ ಆರಕ್ಕೆ ಕುಡಿದ ಲೋಟದ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. ಕೆಲವರ ಯಕೃತ್ತು ಇದನ್ನು ಚುರುಕಾಗಿ ಕರಗಿಸುತ್ತದೆ, ಕೆಲವರದು ನಿಧಾನ; ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. 2013ರ ಒಂದು ಅಧ್ಯಯನದಲ್ಲಿ ಮಲಗುವ ಆರು ತಾಸು ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರು ಒಂದು ತಾಸಿಗೂ ಹೆಚ್ಚು ನಿದ್ದೆ ಕಳೆದುಕೊಂಡಿದ್ದರು. ಅಷ್ಟು ಕೆಫೀನ್ ನಮ್ಮ ಒಂದು ಲೋಟದಲ್ಲಿ ಇರುವುದಿಲ್ಲ ಎನ್ನುವುದು ಸರಿ. ಆದರೆ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ನಮ್ಮ ದೇಶದಲ್ಲಿ ಬೆಳೆಯುವುದರಲ್ಲಿ ಹೆಚ್ಚಿನ ಪಾಲು ರೋಬಸ್ಟಾ. ಪುಡಿಯಲ್ಲಿ ಚಿಕೋರಿ ಹೆಚ್ಚಿದ್ದಷ್ಟೂ ಕೆಫೀನ್ ಕಡಿಮೆ. ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ. ಕುಡಿದು ನಿದ್ದೆ ಹೋಗುವವರಿಗೂ ನಿದ್ದೆಯ ಆಳ ತಗ್ಗುತ್ತದೆ, ನಡುರಾತ್ರಿ ಎಚ್ಚರಗಳು ಹೆಚ್ಚುತ್ತವೆ. ಅದನ್ನು ಅವರು ಕಾಫಿಯ ಲೆಕ್ಕಕ್ಕೆ ಬರೆಯುವುದಿಲ್ಲ. ಕಾಫಿ ಬಿಡಿ ಎಂದು ಕನ್ನಡಿಗರಿಗೆ ಹೇಳುವ ಧೈರ್ಯ ನನಗಿಲ್ಲ. ನಿದ್ದೆಯ ತೊಂದರೆಯಿದ್ದರೆ ಕೊನೆಯ ಲೋಟ ಮಧ್ಯಾಹ್ನ ಎರಡರೊಳಗೆ ಮುಗಿಯಲಿ. ಟೀ, ಕೋಲಾ, ಚಾಕೊಲೇಟಿಗೂ ಇದೇ ಮಾತು.

“ಒಂದು ಪೆಗ್ ಹಾಕಿದರೆ ಒಳ್ಳೆಯ ನಿದ್ದೆ”

ನಿದ್ದೆ ಬೇಗ ಹತ್ತುವುದು ಸುಳ್ಳಲ್ಲ. ಚರಕಸಂಹಿತೆಯೂ ನಿದ್ದೆ ತರುವವುಗಳಲ್ಲಿ ಮದ್ಯವನ್ನು ಹೆಸರಿಸುತ್ತದೆ. ತೊಂದರೆ ಶುರುವಾಗುವುದು ನಡುರಾತ್ರಿಯ ಮೇಲೆ. ಮೊದಲರ್ಧದಲ್ಲಿ ಕನಸಿನ ನಿದ್ದೆಯನ್ನು ಅದುಮಿಟ್ಟ ಮದ್ಯ ದೇಹದಿಂದ ಇಳಿಯುತ್ತಿದ್ದಂತೆ ಎರಡನೆಯ ಅರ್ಧ ಚೂರುಚೂರಾಗುತ್ತದೆ. ಮೂರಕ್ಕೆ ಎಚ್ಚರ, ಬಾಯಾರಿಕೆ, ಬೆವರು. ಗಂಟಲಿನ ಸ್ನಾಯುಗಳು ಸಡಿಲಗೊಂಡು ಗೊರಕೆಯೂ ಜೋರಾಗುತ್ತದೆ. ಕೆಲವೇ ವಾರಗಳಲ್ಲಿ ಒಂದು ಪೆಗ್ ಸಾಲದಾಗುತ್ತದೆ.

“ಮಲಗುವ ಮುಂಚೆ ತಣ್ಣೀರು ಸುರಿದುಕೊಂಡರೆ ನಿದ್ದೆ”

ಇಲ್ಲಿ ದೇಹ ನಾವು ಅಂದುಕೊಂಡಂತೆ ನಡೆಯುವುದಿಲ್ಲ. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು, ಆ ಬಿಸಿ ಹೊರಹೋಗುವ ಮುಖ್ಯ ದಾರಿಗಳೆಂದರೆ ಅಂಗೈ ಮತ್ತು ಅಂಗಾಲು. ಬೆಚ್ಚಗಿನ ನೀರು ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಬಿಸಿ ಕೈಕಾಲಿನ ಕಡೆ ಹರಿದು ಹೊರಬೀಳುತ್ತದೆ. ತಣ್ಣೀರಿಗೆ ಅವೇ ರಕ್ತನಾಳಗಳು ಮುದುಡಿಕೊಂಡು ಬಿಸಿಯನ್ನು ಒಳಗೇ ಹಿಡಿಯುತ್ತವೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಮಲಗುವ ಒಂದೆರಡು ತಾಸು ಮುಂಚೆ 40ರಿಂದ 42.5 ಡಿಗ್ರಿ ಬಿಸಿಯ ನೀರಿನಲ್ಲಿ ಸ್ನಾನ ಮಾಡಿದವರಿಗೆ ಸರಾಸರಿ ಹತ್ತು ನಿಮಿಷ ಬೇಗ ನಿದ್ದೆ ಹತ್ತುತ್ತದೆ. ಹತ್ತು ನಿಮಿಷದ ಸ್ನಾನ ಸಾಕು.

ಅದಕ್ಕೂ ಮುಂಚೆ, 1999ರಲ್ಲಿ, ಸ್ವಿಟ್ಜರ್ಲೆಂಡಿನ ಸಂಶೋಧಕರು ಪಾದ ಬೆಚ್ಚಗಿರುವವರಿಗೆ ನಿದ್ದೆ ಬೇಗ ಹತ್ತುತ್ತದೆಂದು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ಹಾಗಾಗಿ ಅಜ್ಜಿಯ ಅಂಗಾಲಿನ ಎಣ್ಣೆಯನ್ನು ನಾನು ಗೇಲಿ ಮಾಡುವುದಿಲ್ಲ. ತಿಕ್ಕುವಾಗ ಪಾದ ಬೆಚ್ಚಗಾಗುತ್ತದೆ, ತಿಕ್ಕಿಸಿಕೊಳ್ಳುವವರಿಗೆ ಹಾಯೆನಿಸುತ್ತದೆ. ಹರಳೆಣ್ಣೆಯೇ ಆಗಬೇಕೆಂಬ ನಿಯಮವೇನಿಲ್ಲ. ಮಡಿಕೇರಿಯ ಚಳಿಯಲ್ಲಾದರೆ ಕಾಲುಚೀಲ ಹಾಕಿಕೊಂಡು ಮಲಗಿ.

“ಬಿಸಿ ಹಾಲಿನಲ್ಲಿ ನಿದ್ದೆಯ ರಾಸಾಯನಿಕವಿದೆ”

ಇದೆ, ಟ್ರಿಪ್ಟೊಫ್ಯಾನ್ ಎಂದು ಅದರ ಹೆಸರು. ಒಂದು ಲೋಟದಲ್ಲಿ ಇರುವಷ್ಟು ಮಿದುಳನ್ನು ಮಲಗಿಸಲು ಸಾಲದು. ಹಾಲಿನ ಇತರ ಅಮೈನೊ ಆಮ್ಲಗಳು ಮಿದುಳು ಸೇರುವ ದಾರಿಯಲ್ಲಿ ಅದಕ್ಕೆ ಪೈಪೋಟಿಯನ್ನೂ ಕೊಡುತ್ತವೆ. ನಿದ್ದೆ ತರುವವುಗಳಲ್ಲೆಲ್ಲ ಎಮ್ಮೆಯ ಹಾಲೇ ಶ್ರೇಷ್ಠ ಎಂದು ಚರಕ ಹೇಳಿದ್ದಾನೆ. ಕುಡಿಯುವ ಅಭ್ಯಾಸವಿದ್ದರೆ ಕುಡಿಯಿರಿ, ದಿನಾ ಒಂದೇ ಹೊತ್ತಿನಲ್ಲಿ ಮಾಡುವ ಕೆಲಸಕ್ಕೆ ದೇಹ ಒಗ್ಗಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲ ಹಾಕಬೇಡಿ.

“ಉತ್ತರಕ್ಕೆ ತಲೆ ಹಾಕಿದರೆ ಅಯಸ್ಕಾಂತದ ಎಳೆತಕ್ಕೆ ನಿದ್ದೆ ಕೆಡುತ್ತದೆ”

ಗಣಪತಿಯ ಕಥೆಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಯ ಕತ್ತು ಹೋಯಿತು. ನಮ್ಮ ಮನೆಗಳ ಈ ನಿಯಮಕ್ಕೆ ಆ ನೆನಪು ಸಾಕು. ಅದಕ್ಕೆ ರಕ್ತದ ಕಬ್ಬಿಣದ ವಿಜ್ಞಾನ ಹಚ್ಚುವುದು ಬೇಡ. ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣ ಮೊಳೆಯ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಭೂಮಿಯ ಕಾಂತಕ್ಷೇತ್ರದ ಬಲ 25ರಿಂದ 65 ಮೈಕ್ರೊಟೆಸ್ಲಾ. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಅಷ್ಟು ಗದ್ದಲದ ಆ ಕೊಳವೆಯೊಳಗೂ ನಿದ್ದೆ ಹೋಗುವ ರೋಗಿಗಳಿದ್ದಾರೆ. ಫ್ಯಾನಿನ ಗಾಳಿ ಯಾವ ಕಡೆ ಚೆನ್ನಾಗಿ ಬೀಸುತ್ತದೋ ಆ ಕಡೆ ತಲೆ ಹಾಕಿ.

“ಮೊಬೈಲಿನ ನೀಲಿ ಬೆಳಕೇ ಎಲ್ಲಕ್ಕೂ ಕಾರಣ”

ಕಣ್ಣಿನಲ್ಲಿ ನೋಡುವ ಕೆಲಸಕ್ಕಲ್ಲದೆ ಹಗಲು ರಾತ್ರಿಯ ಸುದ್ದಿ ಮುಟ್ಟಿಸುವುದಕ್ಕೆಂದೇ ಕೆಲವು ಕೋಶಗಳಿವೆ, ಅವುಗಳಿಗೆ ನೀಲಿಯೇ ಹೆಚ್ಚು ನಾಟುತ್ತದೆ. ಅಷ್ಟು ನಿಜ. ಆದರೆ 2015ರಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಹೆಸರುವಾಸಿ ಪ್ರಯೋಗದಲ್ಲಿ ಮಲಗುವ ಮುಂಚೆ ನಾಲ್ಕು ತಾಸು ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ, ಪುಸ್ತಕ ಓದಿದವರಿಗಿಂತ ನಿದ್ದೆ ತಡವಾದದ್ದು ಸರಾಸರಿ ಹತ್ತು ನಿಮಿಷದಷ್ಟು. ಪರದೆಯನ್ನು ಹಳದಿಗೆ ತಿರುಗಿಸಿ ಹನ್ನೆರಡರವರೆಗೆ ರೀಲ್ಸ್ ನೋಡುವವರಿಗೆ ಕಾಡುತ್ತಿರುವುದು ಬಣ್ಣವೆಂದು ನನಗನ್ನಿಸುವುದಿಲ್ಲ. ಮೊಬೈಲು ಮಲಗುವ ಹೊತ್ತನ್ನೇ ತಿನ್ನುತ್ತದೆ, ಮೇಲಾಗಿ ಕೊನೆಗೊಂದು ಆಫೀಸಿನ ಸಂದೇಶ ತೋರಿಸಿ ತಲೆ ಕೆಡಿಸುತ್ತದೆ.

ರಾತ್ರಿಯ ಬೆಳಕಿಗೆ ಹೆದರುವ ನಾವು ಬೆಳಗಿನ ಬೆಳಕನ್ನು ಮರೆತಿದ್ದೇವೆ. ಮನುಷ್ಯನ ಒಳಗಡಿಯಾರದ ಒಂದು ಸುತ್ತು ಸರಾಸರಿ 24 ತಾಸು 11 ನಿಮಿಷವೆಂದು ಹಾರ್ವರ್ಡ್‌ನ ಚಾರ್ಲ್ಸ್ ಚೈಸ್ಲರ್ ತಂಡ 1999ರಲ್ಲಿ ತೋರಿಸಿತು. ಬಿಟ್ಟರೆ ದಿನಾ ಹತ್ತು ನಿಮಿಷ ಹಿಂದೆ ಬೀಳುವ ಗಡಿಯಾರವಿದು, ಅದನ್ನು ಸರಿಪಡಿಸುವುದು ಬೆಳಗಿನ ಬೆಳಕು. ಮೋಡ ಮುಸುಕಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕೆಲವು ನೂರು. ಎದ್ದ ಒಂದು ತಾಸಿನೊಳಗೆ ಅರ್ಧ ಗಂಟೆ ಬಯಲಿನಲ್ಲಿರಿ: ರಂಗೋಲಿ ಹಾಕಿ, ಹೂ ಕೊಯ್ಯಿರಿ, ಹಾಲಿನ ಬೂತಿಗೆ ನಡೆದುಹೋಗಿ. ರಾತ್ರಿ ಹನ್ನೊಂದರ ನಿದ್ದೆಗೆ ಇಷ್ಟು ಅಗ್ಗದ ತಯಾರಿ ಬೇರೆ ಇಲ್ಲ. ಹೊರದೇಶದ ಕಂಪನಿಗಳಿಗಾಗಿ ಬೆಂಗಳೂರಿನಲ್ಲಿ ರಾತ್ರಿಪಾಳಿ ಮಾಡುವವರಿಗೆ ಮಾತ್ರ ಈ ಸಲಹೆ ತಲೆಕೆಳಗು: ಅವರು ಬೆಳಗ್ಗೆ ಮನೆಗೆ ಮರಳುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಲಿ, ಕಿಟಕಿಗೆ ದಪ್ಪ ಪರದೆ ಕಟ್ಟಲಿ.

“ಸೈನಿಕರ ವಿಧಾನದಲ್ಲಿ ಎರಡೇ ನಿಮಿಷಕ್ಕೆ ನಿದ್ದೆ”

ಮುಖ ಸಡಿಲಿಸಿ, ಭುಜ ಇಳಿಬಿಟ್ಟು, ತೊಡೆ ಮೀನಖಂಡ ಸಡಿಲಗೊಳಿಸಿ, ಶಾಂತ ದೃಶ್ಯವೊಂದನ್ನು ಊಹಿಸಿಕೊಳ್ಳಿ ಎನ್ನುವ ಈ ವಿಡಿಯೊಗಳ ಮೂಲ ಬಡ್ ವಿಂಟರ್ ಎಂಬ ಅಮೆರಿಕದ ಓಟದ ಕೋಚ್ 1981ರಲ್ಲಿ ಪ್ರಕಟಿಸಿದ ಪುಸ್ತಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಪೈಲಟ್‌ಗಳಿಗೆ ಆರು ವಾರ ಕಲಿಸಿದಾಗ ಶೇ 96ರಷ್ಟು ಜನಕ್ಕೆ ಇದು ಒಲಿಯಿತೆನ್ನುವುದು ಆತನ ಮಾತು. ಆರು ವಾರದ ಅಭ್ಯಾಸವನ್ನು ವಿಡಿಯೊಗಳು ಹೇಳುವುದಿಲ್ಲ. ವಿಧಾನದಲ್ಲಿ ತಪ್ಪೇನಿಲ್ಲ, ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುವುದನ್ನು ಎಡ್ಮಂಡ್ ಜೇಕಬ್‌ಸನ್ ಅದಕ್ಕೂ ಬಹಳ ಮುಂಚೆ ರೂಪಿಸಿದ್ದರು, ಶವಾಸನ ಕಲಿತವರಿಗೆ ಇದು ಹೊಸದೂ ಅಲ್ಲ. ಎರಡು ನಿಮಿಷವೆಂಬ ಗಡುವೇ ಕೇಡು. ಮೂರನೆಯ ನಿಮಿಷಕ್ಕೆ “ನನಗೆ ಇದೂ ಆಗಲಿಲ್ಲ” ಎಂಬ ಕಳವಳ ಶುರು.

ಎಣಿಕೆಯ ಬಗ್ಗೆಯೂ ಒಂದು ಮಾತು. ಆಕ್ಸ್‌ಫರ್ಡ್‌ನಲ್ಲಿ ಆಲಿಸನ್ ಹಾರ್ವಿ ಮತ್ತು ಸುಝನಾ ಪೇನ್ 2002ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮನಸ್ಸಿಗೆ ಹಿತವಾದ ದೃಶ್ಯವೊಂದನ್ನು ವಿವರವಾಗಿ ಕಲ್ಪಿಸಿಕೊಂಡ ನಿದ್ರಾಹೀನರು, ಯಾವ ಸೂಚನೆಯೂ ಪಡೆಯದವರಿಗಿಂತ ಬೇಗ ನಿದ್ದೆ ಹೋದರು. ಸಂಖ್ಯೆಗಳು ತಲೆ ತುಂಬುವುದಿಲ್ಲ. ಎಣಿಸುತ್ತಲೇ ಚಿಂತೆ ಮಾಡಬಹುದು. ಅಜ್ಜನ ಮನೆಯ ತೋಟದ ದಾರಿಯಲ್ಲಿ ಒಂದೊಂದೇ ಮರ ಗುರುತಿಸುತ್ತ ನಡೆದರೆ ಚಿಂತೆಗೆ ಜಾಗ ಕಡಿಮೆ.

“ಗೊರಕೆ ಹೊಡೆಯುವವರದು ಗಾಢ ನಿದ್ದೆ”

ಜೋರು ಗೊರಕೆ, ನಡುವೆ ಉಸಿರು ನಿಂತಂತಾಗುವುದು, ಆಮೇಲೆ ಬೆಚ್ಚಿ ಉಸಿರೆಳೆದುಕೊಳ್ಳುವುದು: ಇದು ಸ್ಲೀಪ್ ಆಪ್ನಿಯಾದ ಲಕ್ಷಣ. ರಕ್ತದೊತ್ತಡ, ಹೃದ್ರೋಗಗಳ ಜೊತೆ ಇದಕ್ಕೆ ನೇರ ನಂಟಿದೆ. ಇಂಥವರಿಗೆ ನಿದ್ದೆ ಮಾತ್ರೆ, ಮದ್ಯ ಎರಡೂ ಅಪಾಯ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ವರದಿ ಮಾಡಿದ, ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಈಗ ನಮ್ಮ ಊರುಗಳಲ್ಲೂ ಸಿಗುತ್ತದೆ. ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗುವವರು ಹೇಳಬೇಕು.

“ಮೈಕಿನ ಗದ್ದಲ ರೂಢಿಯಾಗಿಬಿಟ್ಟಿದೆ”

ಕಿವಿಗೆ ರೂಢಿಯಾಗಬಹುದು, ಹೃದಯಕ್ಕಲ್ಲ. ಎಚ್ಚರವಾಗದಿದ್ದರೂ ಸದ್ದಿಗೆ ನಾಡಿಬಡಿತ ಏರುತ್ತದೆ, ನಿದ್ದೆ ತೆಳುವಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ವರ್ಷಕ್ಕೆ ಕೆಲವೇ ದಿನ ಹಬ್ಬಹರಿದಿನಗಳಿಗೆ ಸರ್ಕಾರ ಹನ್ನೆರಡರವರೆಗೆ ಸಡಿಲಿಕೆ ಕೊಡಬಹುದು. ಆರ್ಕೆಸ್ಟ್ರಾದವರಿಗೆ ಇದನ್ನು ಹೇಳುವವರಾರು ಎನ್ನುವುದು ಬೇರೆ ಪ್ರಶ್ನೆ.

“ಒಂದು ಮಾತ್ರೆ ನುಂಗಿದರೆ ಮುಗಿಯಿತು”

ಮೆಲಟೋನಿನ್ ನಿದ್ದೆ ಬರಿಸುವ ಮಾತ್ರೆಯಲ್ಲ. ದೇಹಕ್ಕೆ ರಾತ್ರಿಯಾಯಿತೆಂದು ಸಾರುವ ಹಾರ್ಮೋನು. ದೂರದ ದೇಶಕ್ಕೆ ಹಾರಿದವರ ಗಡಿಯಾರ ಹೊಂದಿಸಲು ಅದು ನೆರವಾಗುತ್ತದೆ. ಸಾಮಾನ್ಯ ನಿದ್ರಾಹೀನತೆಯಲ್ಲಿ ಅದರಿಂದ ಸಿಗುವ ಲಾಭ ಸರಾಸರಿ ಏಳು ನಿಮಿಷ ಎಂದು 2013ರ ವಿಶ್ಲೇಷಣೆಯೊಂದು ಕಂಡುಕೊಂಡಿದೆ.

ನಿದ್ದೆಗೆಂದು ಜನ ನುಂಗುವ ಅಲ್ಪ್ರಜೋಲಾಮ್ ಮಾತ್ರೆಯ ಕಥೆ ಬೇರೆ. ಅದು ಎಚ್1 ಪಟ್ಟಿಯ ಔಷಧ. ಅಂಗಡಿಯವರು ಚೀಟಿ ನೋಡಿ, ರೋಗಿಯ ಮತ್ತು ವೈದ್ಯರ ಹೆಸರು ಬರೆದುಕೊಂಡೇ ಕೊಡಬೇಕು, ಆ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಆದರೂ ಅತ್ತೆಗೆ ಬರೆದ ಮಾತ್ರೆ ಸೊಸೆಯ ದಿಂಬಿನಡಿ ಇರುತ್ತದೆ. ಕೆಲವು ವಾರ ದಿನಾ ನುಂಗಿದರೆ ದೇಹ ಅದಕ್ಕೆ ಒಗ್ಗುತ್ತದೆ, ಬಿಟ್ಟರೆ ಮೊದಲಿಗಿಂತ ಹೆಚ್ಚು ನಿದ್ದೆ ಕೆಡುತ್ತದೆ. ವಯಸ್ಸಾದವರು ರಾತ್ರಿ ಬಚ್ಚಲಿಗೆ ಎದ್ದಾಗ ಜೋಲಿ ಹೊಡೆದು ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವೂ ಹೆಚ್ಚು. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯೆಂದು ಶಿಫಾರಸು ಮಾಡಿದ್ದು ಮಾತ್ರೆಯನ್ನಲ್ಲ. ಮೇಲೆ ಹೇಳಿದ ಹಾಸಿಗೆಯ ಶಿಸ್ತು, ಸಮಯದ ಮೊಟಕು, ನಿದ್ದೆಯ ಭಯ ಬಿಡಿಸುವ ಮಾತುಕತೆ ಇವೆಲ್ಲ ಸೇರಿದ ಆರೆಂಟು ವಾರದ ಕ್ರಮವದು, ಸಿಬಿಟಿ-ಐ ಎನ್ನುತ್ತಾರೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ನಿದ್ದೆ ಬರುತ್ತಿಲ್ಲ, ಹಗಲೂ ಕೆಡುತ್ತಿದೆ ಎಂದಾದರೆ ವೈದ್ಯರನ್ನು ಕಾಣಿ. ಥೈರಾಯ್ಡ್, ಖಿನ್ನತೆ, ಕಾಲಿನ ಚಡಪಡಿಕೆ, ಕಬ್ಬಿಣದ ಕೊರತೆ ಏನು ಬೇಕಾದರೂ ಹಿಂದಿರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಪರೀಕ್ಷೆ, ಚಿಕಿತ್ಸೆ ಇದೆ. ಮನಸ್ಸಿನ ಸಂಕಟ ಜೊತೆಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಈಗಾಗಲೇ ತಿಂಗಳುಗಟ್ಟಲೆಯಿಂದ ನಿದ್ದೆ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಿಬಿಡಬೇಡಿ. ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಸಾಧ್ಯತೆಯೂ ಇದೆ. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಿ.